ಎರಡು ತಿಂಗಳು ಕಾಯಿಸು

ಆ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಕಟ್ಟುಹಲ್ಲು ಮಾಡುವ ಲ್ಯಾಬ್ ಇತ್ತು. ಸುತ್ತಲಿನ ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ತೆಗೆದು ಅಲ್ಲಿಗೆ ಕಳಿಸುತ್ತಿದ್ದರು. ಅಚ್ಚಿಗೆ ಪ್ಲಾಸ್ಟರ್ ಹೊಯ್ದು, ಒಸಡಿನ ಬಣ್ಣದ ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸಿ, ಬೇಯಿಸಿ, ಉಜ್ಜಿ, ವಾರದೊಳಗೆ ಪೂರ್ತಿ ಸೆಟ್ಟು ವಾಪಸು ಹೋಗುತ್ತಿತ್ತು. ಹಲ್ಲು ಕೂರಿಸುವ ಕೆಲಸ ಹಲ್ಲಕ್ಕನದು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಹತ್ತೊಂಬತ್ತು ವರ್ಷದಿಂದ ಕಿಟಕಿಯ ಪಕ್ಕದ ಅದೇ ಮೇಜು, ಅದೇ ಸ್ಪಿರಿಟ್ ದೀಪ, ಅದೇ ಸಣ್ಣ ಚಾಕು. ಕಂಡೇ ಇರದ ಮನುಷ್ಯರ ದವಡೆ ನೋಡಿ, ಇವರು ಎಡಗಡೆ ಅಗಿಯುತ್ತಾರೆ, ಇವರು ಸಿಟ್ಟು ನುಂಗಿ ಹಲ್ಲು ಸವೆಸಿಕೊಂಡವರು ಎಂದು ಹೇಳಬಲ್ಲಷ್ಟು ಕೈ ಪಳಗಿತ್ತು.

ವಯಸ್ಸು ನಲವತ್ತನಾಲ್ಕು, ಮದುವೆ ಆಗಿರಲಿಲ್ಲ. ಮದುವೆಯಾಗದ ಹೆಣ್ಣು ಬೀದಿಯ ನಲ್ಲಿ ಇದ್ದ ಹಾಗೆ. ಹೋಗುವವರು ಬರುವವರೆಲ್ಲ ಒಂದು ಸಲ ತಿರುಗಿಸಿ ನೋಡುತ್ತಾರೆ. ಇಪ್ಪತ್ತೈದರಲ್ಲಿ 'ಆರಿಸುತ್ತಾ ಕೂರಬೇಡ' ಎಂದವರೇ ಮೂವತ್ತರಲ್ಲಿ 'ಅವಸರಪಟ್ಟು ಬಾವಿಗೆ ಬೀಳಬೇಡ' ಎಂದಿದ್ದರು. ಒಬ್ಬರು ದಪ್ಪಗಾಗು ಎಂದರೆ ಇನ್ನೊಬ್ಬರು ಸಣ್ಣಗಾಗು ಎಂದಿದ್ದರು. ನಲವತ್ತು ದಾಟಿದ ಮೇಲೆ ಎಲ್ಲರೂ ಒಮ್ಮತಕ್ಕೆ ಬಂದು, 'ಇನ್ನು ಯಾಕೆ ತಾಯಿ, ಹಾಯಾಗಿರು' ಎಂದು ಕೈತೊಳೆದುಕೊಂಡಿದ್ದರು. ಹಲ್ಲಕ್ಕ ಎಲ್ಲವನ್ನೂ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದಳು. ಅಂಥವಳು ಕೊನೆಗೆ ಒಂದು ಮಾತು ಕೇಳಿ ಕೆಟ್ಟಳು.

ಒಂದು ಮಧ್ಯಾಹ್ನ ಅವಳು ಲಿಫ್ಟಿನಲ್ಲಿ ಮೇಲೆ ಬರುವಾಗ ಅದು ಮೂರಕ್ಕೂ ನಾಲ್ಕಕ್ಕೂ ನಡುವೆ ನಿಂತುಬಿಟ್ಟಿತು. ನಾಲ್ಕನೇ ಮಹಡಿಯ ನೆಲ ಅವಳ ಹಣೆಯ ಮಟ್ಟಕ್ಕಿತ್ತು. ಕಂಬಿಗಳ ಸಂದಿಯಲ್ಲಿ ಜನರ ಪಾದಗಳಷ್ಟೇ ಕಾಣುತ್ತಿದ್ದವು. ಪಾದಗಳು ಹೆಚ್ಚುತ್ತಾ ಹೋದವು.

"ಕೂತ್ಕೊಂಡುಬಿಡಿ, ನಿಂತಿದ್ರೆ ತಲೆ ಸುತ್ತತ್ತೆ!" ಎಂದವು ಕಪ್ಪು ಬೂಟುಗಳು.

"ಕೂರಬೇಡಿ, ಕೂತ್ರೆ ಗಾಳಿ ಸಿಗಲ್ಲ!" ಎಂದವು ರಬ್ಬರ್ ಚಪ್ಪಲಿಗಳು.

"ಎಲ್ಲಾ ಗುಂಡಿ ಒಟ್ಟಿಗೆ ಒತ್ತು!" ಎಂದವು ಅವಳದೇ ಲ್ಯಾಬಿನ ಫೋನಮ್ಮನ ಕೆಂಪು ಚಪ್ಪಲಿಗಳು.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ ಅರ್ಧ ಗಂಟೆ ಕಳೆಯಿತು. ಆಮೇಲೆ ಲಿಫ್ಟಿನ ನೆತ್ತಿಯ ಮೇಲೆ ಯಾರೋ ಇಳಿದ ಸದ್ದಾಯಿತು. "ಒಳಗಿರೋರಿಗೆ ಕೇಳಿಸ್ತಿದ್ಯಾ? ನಾನು ಲಿಫ್ಟ್ ರಿಪೇರಿಯವನು. ಈಗ ಬ್ರೇಕ್ ಬಿಡ್ತೀನಿ, ಒಂದು ಸಲ ಕುಲುಕತ್ತೆ, ಆಮೇಲೆ ನಿಧಾನಕ್ಕೆ ಕೆಳಗೆ ಹೋಗತ್ತೆ." ಹೇಳಿದ ಹಾಗೆಯೇ ಕುಲುಕಿತು, ಹೇಳಿದ ಹಾಗೆಯೇ ಇಳಿಯಿತು. ಹೆದರಬೇಡಿ ಎಂದು ಅವನು ಅನ್ನಲಿಲ್ಲ, ಉಸಿರು ಹೇಗೆ ಎಳೆದುಕೊಳ್ಳಬೇಕೆಂದು ಹೇಳಿಕೊಡಲಿಲ್ಲ. ತಾನು ಏನು ಮಾಡುತ್ತೇನೆ ಎಂದಷ್ಟೇ ಹೇಳಿ ಅದನ್ನು ಮಾಡಿದ. ಅಂಥ ಗಂಡಸನ್ನು ಅವಳು ಅದೇ ಮೊದಲು ನೋಡಿದ್ದು.

ತಿಂಗಳಿಗೊಮ್ಮೆ ಬರಬೇಕಾದ ಲಿಫ್ಟಿನವ ಆಮೇಲೆ ವಾರಕ್ಕೊಮ್ಮೆ ಬರತೊಡಗಿದ. ಲಿಫ್ಟಿಗೆ ಏನೂ ಆಗಿರುತ್ತಿರಲಿಲ್ಲ. ಐವತ್ತರ ಹತ್ತಿರದವನು, ಮುಂದಿನ ಹಲ್ಲೊಂದರ ಮೂಲೆ ಮುರಿದಿತ್ತು, ನಗುವಾಗ ಕೈ ಅಡ್ಡ ಇಟ್ಟುಕೊಳ್ಳುತ್ತಿದ್ದ. ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ಒಂಬತ್ತು ವರ್ಷದ ಮಗಳಿದ್ದಳು. ಒಂದು ಭಾನುವಾರ ಮೂವರೂ ಪಾರ್ಕಿಗೆ ಹೋಗಿದ್ದಾಗ ಆ ಹುಡುಗಿ ಅಲ್ಲಾಡುವ ಹಲ್ಲನ್ನು ನಾಲಗೆಯಿಂದ ದೂಡಿ ತೋರಿಸಿ, "ಹಲ್ಲು ಆಂಟಿ, ಇದು ಯಾವಾಗ ಬೀಳತ್ತೆ?" ಎಂದಳು. ಹಲ್ಲಕ್ಕ ಗಂಭೀರವಾಗಿ ಪರೀಕ್ಷಿಸಿ, "ಬುಧವಾರ" ಎಂದಳು. ಮಂಗಳವಾರ ಲಿಫ್ಟಿನವನ ಫೋನು ಬಂತು. "ಒಂದು ದಿನ ಮುಂಚೆ ಬಿತ್ತು. ನಿಮ್ಮ ಮೇಲೆ ದೂರು ಕೊಡ್ತಾಳಂತೆ." ಫೋನು ಇಟ್ಟ ಮೇಲೂ ಹಲ್ಲಕ್ಕ ನಗುತ್ತಿದ್ದಳು. ಅಮ್ಮ ಮೂಲೆಯಿಂದ ನೋಡಿದಳು.

ಎರಡು ತಿಂಗಳಾದ ಮೇಲೆ ಅವನು ಮೆಟ್ಟಿಲ ಬಳಿ ನಿಂತು ಕೇಳಿಯೇಬಿಟ್ಟ. "ನಾನು, ಮಗಳು, ಎರಡು ಕೋಣೆ, ಒಂದು ಅಡುಗೆಮನೆ. ನಿಮ್ಮ ಅಮ್ಮನೂ ಬಂದಿರ್ಲಿ. ನನಗೆ ಚೆನ್ನಾಗಿ ಮಾತಾಡೋಕೆ ಬರಲ್ಲ. ಯೋಚನೆ ಮಾಡಿ ಹೇಳಿ."

"ಹೇಳ್ತೀನಿ," ಎಂದಳು ಹಲ್ಲಕ್ಕ. ಆಗಲೇ ಹೂಂ ಅಂದುಬಿಡಬಹುದಿತ್ತು. ನಾಲಗೆಯ ತುದಿಯಲ್ಲೇ ಇತ್ತು.

ಅಮ್ಮನಿಗೆ ಹೇಳಿದಾಗ ಅವಳು ತನ್ನ ಸೆಟ್ಟು ತೆಗೆದು ಲೋಟದಲ್ಲಿಟ್ಟು, ಬೊಚ್ಚುಬಾಯಿಯಲ್ಲಿ, "ಹೂಂ ಅನ್ನು. ನಾಳೇನೇ ಅನ್ನು," ಎಂದಳು. ತಾಯಿಯ ಮಾತು, ಯಾವಾಗಲೂ ಮನೆಯಲ್ಲೇ ಸಿಗುವ ಮಾತು. ಅದಕ್ಕೆ ತೂಕ ಕಡಿಮೆ.

ಮರುದಿನ ಹಲ್ಲಕ್ಕ ಕೆಲಸಕ್ಕೆ ಹೋದದ್ದೇ ತಪ್ಪಾಯಿತು, ಮುಖ ತೊಳೆದಿಟ್ಟ ಕನ್ನಡಿಯ ಹಾಗಿತ್ತು. ಲ್ಯಾಬಿನ ಮುಂಬಾಗಿಲಲ್ಲಿ ಕೂತು ಡಾಕ್ಟರುಗಳ ಫೋನು ತೆಗೆದುಕೊಳ್ಳುವ ಫೋನಮ್ಮ ಹತ್ತು ನಿಮಿಷದೊಳಗೆ ವಿಷಯ ಹೊರಗೆಳೆದಳು. ಊಟದ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿತ್ತು. ಸೆಟ್ಟು ಉಜ್ಜಿ ಹೊಳಪು ಕೊಡುವ ಪಾಲಿಶಪ್ಪ, ಮುಖದ ಮೇಲಿನ ಬಟ್ಟೆ ಸರಿಸಿ, "ಎರಡನೇ ಸಂಬಂಧ. ಪರರ ಮಗು. ನಾನೇನೂ ಹೇಳಲ್ಲ, ಆದ್ರೂ ಯೋಚನೆ ಮಾಡಮ್ಮ," ಎಂದು ಬಟ್ಟೆ ಏರಿಸಿಕೊಂಡ. ಕೆಳಗಿನ ಔಷಧಿ ಅಂಗಡಿಯವಳು, "ಮೊದಲನೇ ಹೆಂಡ್ತಿ ಯಾಕೆ ಸತ್ತಳು ಅಂತ ವಿಚಾರಿಸಿ," ಎಂದಳು. ಬೇರೆ ಊರಿನಲ್ಲಿದ್ದ ತಮ್ಮ ಫೋನಿನಲ್ಲಿ, "ನಿನ್ನಿಷ್ಟ ಅಕ್ಕ. ಆದ್ರೆ ಜನ ಏನಂತಾರೆ ಅಂತಾನೂ ನೋಡ್ಕೋ," ಎಂದ.

ಇದಾವುದೂ ಹಲ್ಲಕ್ಕನಿಗೆ ನಾಟಲಿಲ್ಲ. ನಾಟಿದ್ದು ಫೋನಮ್ಮ ಎರಡು ಕರೆಗಳ ನಡುವೆ, ಫೋನನ್ನು ಭುಜಕ್ಕೂ ಕೆನ್ನೆಗೂ ಸಿಕ್ಕಿಸಿಕೊಂಡು, ಪೆನ್ನಿನ ಮುಚ್ಚಳ ಹುಡುಕುತ್ತಾ ಹೇಳಿದ ಮಾತು.

"ಒಂದು ನಿಮಿಷ ಡಾಕ್ಟ್ರೇ. ಹಲ್ಲಕ್ಕಾ, ಕೇಳು ಇಲ್ಲಿ. ಎರಡು ತಿಂಗಳು ಕಾಯಿಸು. ಫೋನ್ ಎತ್ತಬೇಡ, ಮುಖ ತೋರಿಸಬೇಡ. ನಿಜವಾಗ್ಲೂ ನೀನು ಬೇಕು ಅನ್ನೋನು ಬಾಗಿಲು ಮುರ್ಕೊಂಡು ಬರ್ತಾನೆ. ಬರದೇ ಹೋದ್ರೆ ಅವನಿಗೆ ಬೇಕಾಗಿದ್ದು ಅಡುಗೆಯವಳು ಅಂತ ಅರ್ಥ. ಹಾಂ ಡಾಕ್ಟ್ರೇ, ಮೇಲಿನ ಸೆಟ್ಟೋ ಕೆಳಗಿಂದೋ?"

ಅಷ್ಟೇ. ಪೆನ್ನಿನ ಮುಚ್ಚಳ ಸಿಕ್ಕಿತು, ಫೋನಮ್ಮ ಕೆಳಗಿನ ಸೆಟ್ಟು ಎಂದು ಬರೆದುಕೊಂಡಳು.

ಹಲ್ಲಕ್ಕ ದಡ್ಡಿಯಲ್ಲ. ಬಿಟ್ಟಿ ಮಾತಿನ ಬೆಲೆ ಅವಳಿಗೆ ಗೊತ್ತಿತ್ತು. ಆದರೆ ನಲವತ್ತನಾಲ್ಕು ವರ್ಷದಲ್ಲಿ ಯಾರೂ ಅವಳಿಗಾಗಿ ಒಂದು ಬಾಗಿಲನ್ನು ಜೋರಾಗಿ ತಟ್ಟಿಯೂ ಇರಲಿಲ್ಲ. ನೋಡಲು ಬಂದವರೆಲ್ಲ ಆಮೇಲೆ ತಿಳಿಸುತ್ತೇವೆ ಎಂದು ಎದ್ದುಹೋದವರೇ. ಬೇಕು ಅನ್ನಿಸಿಕೊಳ್ಳುವುದು ಹೇಗಿರುತ್ತದೆ, ಅದನ್ನೊಂದು ಸಲ ಕಣ್ಣಾರೆ ನೋಡಬೇಕು ಎಂಬ ಆಸೆ ಅವಳೊಳಗೆ ಎಲ್ಲೋ ಮುದುಡಿ ಕೂತಿತ್ತು. ಫೋನಮ್ಮನ ಮಾತು ಹೋಗಿ ಅದರ ಮೇಲೆ ಕೂತಿತು.

ಮೊದಲ ಸಲ ಅವನ ಫೋನು ಬಂದಾಗ ಅವಳು ಅದನ್ನು ಮೇಜಿನ ಮೇಲೆ ಅಂಗಾತ ಇಟ್ಟು, ನಿಲ್ಲುವವರೆಗೆ ನೋಡುತ್ತಾ ಕೂತಳು. ಎದೆ ಹೊಡೆದುಕೊಳ್ಳುತ್ತಿತ್ತು, ಸಂತೋಷವೂ ಆಗಿತ್ತು. ಎರಡನೇದು, ಮೂರನೇದು. ಐದನೇದಕ್ಕೆ ಸಂತೋಷ ಹೋಗಿ ಬರೀ ಹೊಡೆತ ಉಳಿಯಿತು. ಎಂಟನೇದು ಅರ್ಧಕ್ಕೇ ನಿಂತಿತು.

ಮೂರನೇ ವಾರ ಅವನೇ ಬಂದ. ಮುಂಬಾಗಿಲಿನಲ್ಲಿ ಅವನ ದನಿ ಕೇಳಿಸಿತು. "ಒಂದು ನಿಮಿಷ ಅವರನ್ನ ಕರೀತೀರಾ?" ಹಲ್ಲಕ್ಕನ ಕೈಯಲ್ಲಿ ಕಾಯಿಸಿದ ಚಾಕು ಇತ್ತು, ಮೇಣ ಕರಗಿ ಹೆಬ್ಬೆರಳ ಮೇಲೆ ಬಿತ್ತು.

"ಅವಳು ಕೆಲಸದಲ್ಲಿದ್ದಾಳೆ. ಈಗ ಆಗಲ್ಲ," ಎಂದಳು ಫೋನಮ್ಮ.

ಅವನು ಬಾಗಿಲು ಮುರಿಯಲಿಲ್ಲ. ಕೆಲಸದಲ್ಲಿರುವವರಿಗೆ ತೊಂದರೆ ಕೊಡುವ ಜಾತಿಯೇ ಅವನದಲ್ಲ. "ಸರಿ, ಬಂದಿದ್ದೆ ಅಂತ ಹೇಳಿ," ಎಂದು ಮೆಟ್ಟಿಲಿಳಿದು ಹೋದ. ಫೋನಮ್ಮ ಒಳಗೆ ಬಂದು ಕಣ್ಣು ಮಿಟುಕಿಸಿ, "ನೋಡಿದ್ಯಾ? ನನ್ನ ಮದ್ದು ಕೆಲಸ ಮಾಡ್ತಿದೆ," ಎಂದಳು. ಸುಟ್ಟ ಹೆಬ್ಬೆರಳನ್ನು ಬಾಯಲ್ಲಿಟ್ಟುಕೊಂಡು ಹಲ್ಲಕ್ಕ ತಲೆಯಾಡಿಸಿದಳು.

ಆಮೇಲೆ ಫೋನು ಬರಲಿಲ್ಲ. ಮುಂದಿನ ತಿಂಗಳು ಲಿಫ್ಟು ನೋಡಲು ಬೇರೆ ಯಾರೋ ಬಂದ. ಅವಳು ಒಂದು ದಿನ ತಡೆಯಲಾರದೆ, "ನಾನೇ ಒಂದು ಸಲ ಫೋನ್ ಮಾಡ್ಲಾ?" ಎಂದು ಫೋನಮ್ಮನನ್ನು ಕೇಳಿದಳು.

"ಮಾಡು ಮಾಡು! ಇಷ್ಟು ದಿನ ಮಾಡಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ. ಇವತ್ತು ಬಗ್ಗಿದ್ರೆ ಜೀವನ ಪೂರ್ತಿ ಬಗ್ಗಬೇಕು."

ಅರವತ್ತು ದಿನ ತುಂಬಿದ ಮರುದಿನ ಭಾನುವಾರ. ಹಲ್ಲಕ್ಕ ಒಳ್ಳೆಯ ಬಟ್ಟೆ ಹಾಕಿಕೊಂಡು, ಎರಡು ಬಸ್ಸು ಬದಲಿಸಿ, ಅವನು ಯಾವಾಗಲೋ ಹೇಳಿದ್ದ ಗುರುತು ಹಿಡಿದು ಮನೆ ಹುಡುಕಿಕೊಂಡು ಹೋದಳು. ಮಗಳು ಬಾಗಿಲು ತೆಗೆದಳು. ಬಿದ್ದ ಹಲ್ಲಿನ ಜಾಗದಲ್ಲಿ ಹೊಸದು ಅರ್ಧ ಬಂದಿತ್ತು. ನಗಲಿಲ್ಲ. "ಅಪ್ಪಾ, ಹಲ್ಲು ಆಂಟಿ," ಎಂದು ಒಳಗೆ ಕೂಗಿ, ತನ್ನ ಕೋಣೆಗೆ ಹೋಗಿ ಬಾಗಿಲು ಮುಂದಕ್ಕೆಳೆದುಕೊಂಡಳು.

ಅವನು ಕೈ ಒರೆಸಿಕೊಳ್ಳುತ್ತಾ ಬಂದ. ಕುರ್ಚಿ ತೋರಿಸಿದ. ಇಬ್ಬರೂ ಕೂತರು.

"ಉತ್ತರ ಹೇಳೋಕೆ ಬಂದೆ," ಎಂದಳು.

ಅವನು ಕೈ ಒರೆಸಿದ ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟ. "ನಾನು ಎಂಟು ಸಲ ಫೋನ್ ಮಾಡಿದ್ದೆ."

"ಗೊತ್ತು."

"ಗೊತ್ತಾ? ನಾನು ಫೋನ್ ಕೆಟ್ಟಿರಬಹುದು ಅಂದ್ಕೊಂಡಿದ್ದೆ. ನಮ್ಮ ಅತ್ತಿಗೆ ಮೂರನೇ ಸಲಕ್ಕೇ ಹೇಳಿದ್ರು, ಮೂರಕ್ಕೆ ಎತ್ತದೇ ಇರೋಳು ಮೂವತ್ತಕ್ಕೂ ಎತ್ತಲ್ಲ, ಇರೋ ಮರ್ಯಾದೆ ಉಳಿಸ್ಕೋ ಅಂತ. ನಾನು ಅವರ ಮಾತು ಕೇಳ್ಲಿಲ್ಲ. ಇನ್ನೂ ಐದು ಸಲ ಮಾಡಿದೆ. ಆಮೇಲೆ ಅಲ್ಲಿಗೇ ಬಂದೆ."

"ನೀವು ಬಂದಿದ್ದೂ ಗೊತ್ತು."

"ಮತ್ತೆ ಯಾಕೆ?"

ಅವಳು ಬಾಯಿ ತೆರೆದಳು. ಲ್ಯಾಬಿನಲ್ಲಿ ಅಷ್ಟು ಜಾಣತನದ ಹಾಗೆ ಕೇಳಿಸಿದ ಮಾತು ಈ ಕೋಣೆಯಲ್ಲಿ, ಈ ಮನುಷ್ಯನ ಎದುರಿಗೆ, ಹೇಳಲಿಕ್ಕೇ ನಾಚಿಕೆಯಾಗುವಂತಿತ್ತು. "ಎರಡು ತಿಂಗಳು ಕಾಯಿಸು ಅಂತ ಒಬ್ರು ಹೇಳಿದ್ರು."

"ಅವರಿಗೆ ನಾನು ಗೊತ್ತಾ?"

"ಇಲ್ಲ."

"ನಿಮಗೆ ಗೊತ್ತಿದ್ದೆನಲ್ಲ," ಎಂದ. ಸಿಟ್ಟಿನಿಂದ ಹೇಳಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ಹೊಲಿಗೆ ಕಲಿಸುವ ಒಬ್ಬಾಕೆಗೆ ಅವನು ಮಾತು ಕೊಟ್ಟಾಗಿತ್ತು. ಅತ್ತಿಗೆ ನೋಡಿದ್ದ ಸಂಬಂಧ. ಬರುವ ಗುರುವಾರ ರಿಜಿಸ್ಟರ್ ಮದುವೆ. "ನಿನ್ನೆಯೋ ಮೊನ್ನೆಯೋ ಮಾತು ಕೊಟ್ಟಿದ್ರೆ ವಾಪಸ್ ತಗೋತಿದ್ದೆನೋ ಏನೋ. ಇಪ್ಪತ್ತು ದಿನ ಆಯ್ತು. ಅವಳು ಕೆಲಸ ಮಾಡೋ ಕಡೆ ಎಲ್ಲರಿಗೂ ಹೇಳ್ಕೊಂಡಿದ್ದಾಳೆ. ಅವಳ ಮುಖಾನೂ ನೋಡ್ಬೇಕಲ್ಲ?"

"ನೋಡ್ಬೇಕು," ಎಂದಳು ಹಲ್ಲಕ್ಕ. ಎದ್ದಳು. ಚಹಾ ಕುಡಿದು ಹೋಗಿ ಎಂದ, ಬೇಡ ಎಂದಳು. ಒಳಕೋಣೆಯ ಬಾಗಿಲು ತೆರೆಯಲಿಲ್ಲ.

ಅಮ್ಮನಿಗೆ ಹೇಳಿದಾಗ ಅವಳು ಬೈಯಲಿಲ್ಲ. ಅಂದು ಸಂಜೆ ಮಗಳ ತಟ್ಟೆಗೆ ತಾನೇ ಬಡಿಸಿದಳು, ಅವಳು ಉಣ್ಣುವವರೆಗೆ ಪಕ್ಕದಲ್ಲಿ ಕೂತಳು, ಅಷ್ಟೇ.

ಸೋಮವಾರ ಫೋನಮ್ಮ ಎಲ್ಲ ಕೇಳಿ, ನಾಲಗೆ ಲೊಚಗುಟ್ಟಿ, "ಎರಡು ತಿಂಗಳು ತಡೆಯೋಕಾಗ್ದೆ ಇನ್ನೊಬ್ಬಳನ್ನ ಹಿಡಿದ ಅಂದ್ರೆ ಎಂಥೋನು ನೋಡು! ಬಚಾವಾದೆ ನೀನು. ನಂಗೆ ಥ್ಯಾಂಕ್ಸ್ ಹೇಳು," ಎಂದಳು.

"ನೀವು ಹೇಳಿದ್ರಿ ಅಂತ ನಾನು ಫೋನ್ ಎತ್ತಲಿಲ್ಲ," ಎಂದಳು ಹಲ್ಲಕ್ಕ. ದನಿ ಅವಳಿಗೇ ಬೇರೆ ಯಾರದೋ ಅನ್ನಿಸಿತು. "ಅವರು ಬಂದಾಗಲೂ ಏಳಲಿಲ್ಲ."

"ಅಯ್ಯೋ ತಾಯಿ! ನಾನು ಬಾಯಿಗೆ ಬಂದಿದ್ದು ನೂರು ಹೇಳ್ತೀನಿ. ನಾನೇನು ನಿನ್ನ ಕೈ ಕಟ್ಟಿ ಹಾಕಿದ್ನಾ? ನಿಂಗೇ ಬೇಕು ಅಂತಿದ್ರೆ ಎದ್ದು ಬರ್ತಿದ್ದೆ. ನಲವತ್ತು ದಾಟಿದೆ, ಸ್ವಂತ ಬುದ್ಧಿ ಬೇಡ್ವಾ?"

ಅದರಲ್ಲಿ ಸುಳ್ಳಿರಲಿಲ್ಲ ಎನ್ನುವುದೇ ಹಲ್ಲಕ್ಕನಿಗೆ ಎಲ್ಲಕ್ಕಿಂತ ಹೆಚ್ಚು ಉರಿಯಿತು. ಪಾಲಿಶಪ್ಪ ಯಂತ್ರ ನಿಲ್ಲಿಸಿ, "ನಾನು ಆವತ್ತೇ ಅಂದಿದ್ದೆ," ಎಂದ. ಏನೆಂದಿದ್ದನೋ ಅವನಿಗೇ ನೆನಪಿರಲಿಲ್ಲ.

ವರ್ಷ ಕಳೆಯಿತು. ಪ್ಲಾಸ್ಟರ್ ಹೊಯ್ಯುವ ಕೆಲಸಕ್ಕೆ ಇಪ್ಪತ್ತಾರರ ಹುಡುಗಿಯೊಬ್ಬಳು ಸೇರಿದಳು. ಅವಳನ್ನೂ ಯಾರೋ ಕೇಳಿದ್ದರು, ಅವಳೂ ಯೋಚನೆಯಲ್ಲಿದ್ದಳು. ಊಟದ ಹೊತ್ತಿಗೆ ಫೋನಮ್ಮನ ದನಿ ಗೋಡೆಯಾಚೆಯಿಂದ ಸ್ಪಷ್ಟವಾಗಿ ಕೇಳಿಸಿತು.

"ತಡ ಮಾಡಬೇಡ. ಗಂಡಸರನ್ನ ಕಾಯಿಸಿದ್ರೆ ಕೈಬಿಟ್ಟು ಹೋಗ್ತಾರೆ. ನಮ್ಮ ಹಲ್ಲಕ್ಕನ್ನೇ ನೋಡು. ಚಿನ್ನದಂಥ ಮನುಷ್ಯ ಮನೆ ಬಾಗಿಲಿಗೆ ಬಂದಿದ್ದ, ಎರಡು ತಿಂಗಳು ಆಟ ಆಡಿಸಿದಳು, ಏನಾಯ್ತು? ಬೇಕಾದ್ರೆ ಅವಳನ್ನೇ ಕೇಳು."

ಹಲ್ಲಕ್ಕ ದೀಪ ಆರಿಸಿದಳು. ಸುಳ್ಳು ಹೇಳುತ್ತಿರುವವರ ದನಿ ಅದಾಗಿರಲಿಲ್ಲ. ಫೋನಮ್ಮ ತಾನು ಹೇಳಿದ್ದನ್ನೇ ಮರೆತಿದ್ದಳು, ನಿಜವಾಗಿಯೂ ಮರೆತಿದ್ದಳು.

ಹುಡುಗಿ ಸಂಜೆ ಅವಳ ಮೇಜಿನ ಹತ್ತಿರ ಬಂದು ನಿಂತಳು. "ಅಕ್ಕ, ನೀವೇ ಹೇಳಿ. ನಾನೇನು ಮಾಡ್ಲಿ?"

"ನಂಗೊತ್ತಿಲ್ಲಮ್ಮ."

"ಹಾಗಲ್ಲ ಅಕ್ಕ, ನಿಮ್ಮ ಅನುಭವದಲ್ಲಿ..."

"ಅವರು ಯಾರು, ಎಂಥವರು, ನಂಗೊತ್ತಿಲ್ಲ. ನೀನೂ ನಂಗೆ ಅಷ್ಟು ಗೊತ್ತಿಲ್ಲ. ನಾನು ಏನು ಹೇಳ್ಲಿ?"

ಹುಡುಗಿಯ ಮುಖ ಬಿಗಿಯಿತು. ಮರುದಿನದಿಂದ ಅವಳು ಹಲ್ಲಕ್ಕನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. "ಹೊಟ್ಟೆಕಿಚ್ಚು ಪಾಪ," ಎಂದು ಫೋನಮ್ಮ ಹೇಳಿದ್ದೂ ಕಿವಿಗೆ ಬಿತ್ತು. ಹುಡುಗಿ ಹೂಂ ಅಂದಳು, ಮದುವೆಯಾದಳು, ಚೆನ್ನಾಗಿಯೇ ಬದುಕಿದಳು. ಸಿಹಿ ಹಂಚುವಾಗ ಮೊದಲ ತುಂಡು ಫೋನಮ್ಮನ ಬಾಯಿಗೆ ಹಾಕಿ, "ನೀವು ಹೇಳದೇ ಇದ್ದಿದ್ರೆ!" ಎಂದು ಕಣ್ಣೊರೆಸಿಕೊಂಡಳು.

ಆ ತಿಂಗಳ ಕೊನೆಗೆ ಹಲ್ಲಕ್ಕ ಕೆಲಸ ಬಿಟ್ಟಳು. ಇಪ್ಪತ್ತು ವರ್ಷದ ಮೇಜು ಖಾಲಿ ಮಾಡಲು ಕಾಲು ಗಂಟೆ ಸಾಕಾಯಿತು. ಊರಿನ ಇನ್ನೊಂದು ತುದಿಯಲ್ಲಿ ಬೇರೆ ಲ್ಯಾಬು ಸಿಕ್ಕಿತು. ನೆಲಮಹಡಿ, ಬೆಳಕು ಕಡಿಮೆ. ಹೊಸ ಜಾಗದಲ್ಲಿ ಯಾರಿಗೂ ಅವಳ ವಿಷಯ ಗೊತ್ತಿರಲಿಲ್ಲ. ಅದಕ್ಕೇ ಅಷ್ಟು ದೂರ ಬಂದಿದ್ದಳು.

ಮೂರನೇ ದಿನ ಪಕ್ಕದ ಮೇಜಿನವಳು, ಹಸನ್ಮುಖಿ, ಡಬ್ಬಿ ಬಿಚ್ಚುತ್ತಾ ಕೇಳಿದಳು. "ಮನೆಯವರು ಏನು ಮಾಡ್ತಾರೆ?"

ಆ ಕಣ್ಣುಗಳಲ್ಲಿ ಮುಂದಿನ ಮಾತು ಆಗಲೇ ಸಿದ್ಧವಾಗಿ ಕೂತಿದ್ದು ಹಲ್ಲಕ್ಕನಿಗೆ ಕಾಣಿಸಿತು. ಇಲ್ಲ ಎಂದರೆ ಏನು ಬರುತ್ತದೆ, ಯಾಕೆ ಎಂದರೆ ಏನು ಬರುತ್ತದೆ, ಎಲ್ಲ ಗೊತ್ತಿತ್ತು.

"ಲಿಫ್ಟ್ ರಿಪೇರಿ," ಎಂದಳು.

"ಓ, ಒಳ್ಳೇ ಕೆಲಸ. ಮಕ್ಕಳು?"

"ಒಬ್ಬಳು ಮಗಳು. ಹನ್ನೊಂದಕ್ಕೆ ಬೀಳ್ತಾಳೆ." ಇಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ಮಾತು ತಾನಾಗಿ ಮುಂದೆ ಹೋಯಿತು. "ತುಂಬಾ ಚೂಟಿ. ಒಂದು ಹಲ್ಲು ಬಿದ್ರೂ ನನ್ನ ಮೇಲೆ ದೂರು ಹೇಳ್ತಾಳೆ."

ಪಕ್ಕದವಳು ನಕ್ಕಳು. ಆಮೇಲೆ ಹತ್ತಿರಕ್ಕೆ ಸರಿದು, ದನಿ ತಗ್ಗಿಸಿ, "ಹನ್ನೊಂದಾ? ಒಂದು ಮಾತು ಹೇಳ್ತೀನಿ, ತಪ್ಪು ತಿಳಿಬೇಡಿ," ಎಂದು ಶುರುಮಾಡಿದಳು. "ಹೆಣ್ಮಕ್ಕಳನ್ನ ಈ ವಯಸ್ಸಿನಿಂದಲೇ ಹದ್ದುಬಸ್ತಲ್ಲಿ ಇಡಬೇಕು. ಸಲಿಗೆ ಕೊಟ್ರೋ, ಮುಗೀತು..."

ಹಲ್ಲಕ್ಕ ಊಟ ಮಾಡುತ್ತಾ ಕೇಳಿದಳು. ಮನೆಗೆ ಹೋಗುವ ಬಸ್ಸಿನಲ್ಲಿ ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ನಾಳೆ ನಿಜ ಹೇಳಿಬಿಡಬೇಕು ಅಂದುಕೊಂಡಳು. ಮರುದಿನ ಬೆಳಗ್ಗೆ ಪಕ್ಕದವಳು, "ಮಗಳಿಗೆ ಹೇಳಿದ್ರಾ ನಾನು ಅಂದಿದ್ದು?" ಎಂದು ಕೇಳಿದಾಗ ಹಲ್ಲಕ್ಕ ಚಾಕುವನ್ನು ದೀಪಕ್ಕೆ ಹಿಡಿದು, "ಹೇಳಿದೆ," ಎಂದಳು. "ಅವಳು ಯಾರ ಮಾತೂ ಕೇಳಲ್ಲ."